ಒಂದು ಇಂಚು ಮಳೆ ಇಂಗಲು ಎಷ್ಟು ಹೊತ್ತು? ಪರಿಸರ ಪಾಠವನ್ನು ಶಾಲೆಯ ಅಂಗಳಕ್ಕೆ ತರುವ ಬಗೆ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. 8 ಮತ್ತು 9ನೇ ತರಗತಿಯ ಮಕ್ಕಳಿಗೆ ಪರಿಸರದ ಪಾಠ ಅಂದರೆ ಬೇಜಾರು. ಜೂನ್ 5ಕ್ಕೆ ಗಿಡ ನೆಡುತ್ತೇವೆ, ಪ್ರಬಂಧ ಬರೆಸುತ್ತೇವೆ, ಚಾರ್ಟ್ ಮಾಡಿಸುತ್ತೇವೆ, ಅಲ್ಲಿಗೆ ಮುಗಿಯಿತು. ಮಕ್ಕಳು ಕೈಯಾರೆ ಮಾಡಿ ಕಲಿಯುವಂಥದ್ದು ಏನಾದರೂ ಮಾಡಿಸಬೇಕು ಅಂತ ಆಸೆ. ಆದರೆ ಲ್ಯಾಬ್ ಹೆಸರಿಗೆ ಮಾತ್ರ ಇದೆ. ಪೀರಿಯಡ್ 40 ನಿಮಿಷ. ಪೋರ್ಷನ್ ಮುಗಿಸುವ ಒತ್ತಡ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಗಿಡ ನೆಡುವುದು, ಚಾರ್ಟ್ ಬರೆಯುವುದು ತಪ್ಪೇನಲ್ಲ. ಆದರೆ ಅದರಲ್ಲಿ ಮಕ್ಕಳಿಗೆ ಕಂಡುಹಿಡಿಯಲು ಏನೂ ಉಳಿದಿರುವುದಿಲ್ಲ. ಪ್ಲಾಸ್ಟಿಕ್ ಕೆಟ್ಟದ್ದು, ಮರ ಒಳ್ಳೆಯದು, ನೀರು ಉಳಿಸಿ. ಇದನ್ನು ಅವರು ಒಂದನೇ ಕ್ಲಾಸಿನಿಂದ ಕೇಳಿಕೊಂಡು ಬಂದಿದ್ದಾರೆ. ಹದಿಮೂರು ಹದಿನಾಲ್ಕರ ವಯಸ್ಸಿಗೆ ಅದು ಸಪ್ಪೆ ಅನ್ನಿಸದೆ ಇರುತ್ತದಾ?

ನಿಮಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯಿಂದ ಶುರು ಮಾಡಿ. ಉತ್ತರ ಅಳತೆಯಿಂದ ಸಿಗುವಂತಿರಲಿ. ಅಳೆಯುವ ಜಾಗ ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ವರ್ಷಕ್ಕೆ ಹತ್ತು ಪ್ರಯೋಗ ಬೇಡವೇ ಬೇಡ. ಎರಡು ಹಿಡಿದುಕೊಳ್ಳಿ, ಅವನ್ನೇ ಕೊನೆ ಮುಟ್ಟಿಸಿ.

ನಿಮ್ಮ ಮಕ್ಕಳ ಮನೆಯಲ್ಲಿ ಮಳೆಗಾಲದಲ್ಲಿ ದಿನಾ ಬೆಳಗ್ಗೆ ಒಂದು ಮಾತು ಬಂದೇ ಬರುತ್ತದೆ: ನಿನ್ನೆ ಎಷ್ಟಾಯ್ತು? "ಎರಡು ಇಂಚು ನಲವತ್ತು ಸೆಂಟ್ಸ್" ಅಂತ ಉತ್ತರ. ಒಂದು ಇಂಚಿಗೆ ನೂರು ಸೆಂಟ್ಸ್. ಪುಸ್ತಕದಲ್ಲಿ ಮಿಲಿಮೀಟರ್ ಇದೆ, ಮಲೆನಾಡಿನ ಬಾಯಲ್ಲಿ ಇಂಚು ಸೆಂಟ್ಸೇ ಇದೆ. ಮಕ್ಕಳಿಗೆ ಗೊತ್ತಿರುವ ಈ ಲೆಕ್ಕದಿಂದಲೇ ಹೊರಡೋಣ. ಪ್ರಶ್ನೆ ಹೀಗಿರಲಿ: ಒಂದು ಇಂಚು ಮಳೆ ನೆಲಕ್ಕೆ ಇಂಗಲು ಎಷ್ಟು ಹೊತ್ತು ಬೇಕು? ಶಾಲೆಯ ಆಟದ ಮೈದಾನದಲ್ಲಿ ಎಷ್ಟು, ಪಕ್ಕದ ಕಾಫಿ ತೋಟದಲ್ಲಿ ಎಷ್ಟು?

ಇದಕ್ಕೆ ಬೇಕಾದದ್ದು ಆರು ಇಂಚಿನ ಪಿವಿಸಿ ಪೈಪಿನ ತುಂಡು. ಪ್ಲಂಬರ್ ಹತ್ತಿರ ಉಳಿದ ಚೂರು ಬಿದ್ದಿರುತ್ತದೆ. ಒಂದು ಗೇಣು ಉದ್ದ ಇದ್ದರೆ ಸಾಕು. ಡಬ್ಬದ ಎರಡೂ ಬದಿ ಕತ್ತರಿಸಿಯೂ ಮಾಡಬಹುದು, ಆದರೆ ತಗಡಿನ ಅಂಚು ಕೈ ಕೊಯ್ಯುತ್ತದೆ. ಪೈಪೇ ವಾಸಿ. ಒಂದು ಬದಿಯ ಅಂಚನ್ನು ಅರದಿಂದ ಸ್ವಲ್ಪ ಚೂಪು ಮಾಡಿಸಿ. ನೆಲದ ಮೇಲಿಟ್ಟು, ಮೇಲೊಂದು ಹಲಗೆ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಹೊಡೆದು ನಾಲ್ಕೈದು ಸೆಂಟಿಮೀಟರ್ ಒಳಗೆ ಇಳಿಸಿ. ಒಳಗಡೆ ಒಂದು ಎಲೆ ಹಾಸಿ. ಇಲ್ಲದಿದ್ದರೆ ಸುರಿದ ನೀರು ಮಣ್ಣನ್ನು ಕಲಕಿ ರಾಡಿ ಮಾಡುತ್ತದೆ, ಆ ರಾಡಿಯೇ ತೂತು ಮುಚ್ಚಿಬಿಡುತ್ತದೆ.

ಈಗ ಎಷ್ಟು ನೀರು ಸುರಿಯಬೇಕು? ಇದನ್ನು ನೀವು ಹೇಳಬೇಡಿ. ಪೈಪಿನ ಒಳಗಿನ ಅಡ್ಡಳತೆ ಅವರೇ ತೆಗೆಯಲಿ, ವೃತ್ತದ ವಿಸ್ತೀರ್ಣ ಅವರೇ ಕಂಡುಹಿಡಿಯಲಿ, ಅದನ್ನು 2.54ರಿಂದ ಗುಣಿಸಲಿ. ಒಳ ಅಡ್ಡಳತೆ 15 ಸೆಂಟಿಮೀಟರ್ ಇದ್ದರೆ ಉತ್ತರ ಸುಮಾರು 450 ಮಿಲಿಲೀಟರ್ ಬರುತ್ತದೆ. ಅಷ್ಟು ನೀರು ಆ ಪೈಪಿನೊಳಗೆ ಸುರಿದರೆ ಆ ಜಾಗಕ್ಕೆ ಒಂದು ಇಂಚು ಮಳೆ ಬಿದ್ದಂತೆ. ಗಣಿತದ ಕ್ಲಾಸಿನಲ್ಲಿ ಸುಮ್ನೆ ಬಾಯಿಪಾಠ ಮಾಡಿದ ಸೂತ್ರ ಇಲ್ಲಿ ಕೆಲಸಕ್ಕೆ ಬರುವುದನ್ನು ನೋಡಿದಾಗ ಮಕ್ಕಳ ಮುಖ ನೋಡಬೇಕು ನೀವು.

ನೀರು ಸುರಿದು ಗಡಿಯಾರ ನೋಡಲಿ. ಪೂರ್ತಿ ಇಂಗಿದ ಹೊತ್ತು ಬರೆದುಕೊಳ್ಳಲಿ. ಅದೇ ಜಾಗದಲ್ಲಿ ಇನ್ನೊಮ್ಮೆ, ಮತ್ತೊಮ್ಮೆ ಸುರಿಯಲಿ. ಒಣಗಿದ ಮಣ್ಣು ಮೊದಲ ಸಲ ಗಬಗಬ ಕುಡಿಯುತ್ತದೆ. ಮೂರನೇ ಸಲದ ಲೆಕ್ಕವೇ ಹೆಚ್ಚು ನಂಬುವಂಥದ್ದು. ಮೈದಾನದಲ್ಲಿ ಕೆಲವೊಮ್ಮೆ ಬೆಲ್ ಹೊಡೆದರೂ ನೀರು ಹಾಗೇ ನಿಂತಿರುತ್ತದೆ. ಆಗ ಸ್ಕೇಲ್ ಇಳಿಬಿಟ್ಟು ಎಷ್ಟು ಇಳಿದಿದೆ ಅಂತ ಬರೆದರೆ ಆಯಿತು. ತೋಟದೊಳಗೆ ದರಗಿನ (ಉದುರಿದ ಒಣ ಎಲೆಯ ಹಾಸಿನ) ಕೆಳಗೆ ಅದೇ ನೀರು ಬೇಗ ಮಾಯವಾಗುವುದೇ ಜಾಸ್ತಿ. ಬೇರು, ಎರೆಹುಳು, ಗೆದ್ದಲು ಮಾಡಿದ ಸಂದುಗಳು ಅಲ್ಲಿ ಇರುತ್ತವೆ. ಮೈದಾನದಲ್ಲಿ ವರ್ಷಗಟ್ಟಲೆ ಓಡಿದ ಕಾಲು ಆ ಸಂದುಗಳನ್ನೆಲ್ಲ ಅದುಮಿಬಿಟ್ಟಿರುತ್ತದೆ.

ಆದರೆ ಈ ವಿವರಣೆಯನ್ನು ತಕ್ಷಣ ಕೊಡಬೇಡಿ. ಮೊದಲು ಗುಂಪುಗಳ ಅಂಕಿ ಕಪ್ಪು ಹಲಗೆಗೆ ಬರಲಿ. ನಲವತ್ತು ಮಕ್ಕಳಿದ್ದರೆ ಐದೈದು ಜನರ ಎಂಟು ಗುಂಪು. ಒಂದೇ ತೋಟದಲ್ಲಿ ಅಳೆದ ಎರಡು ಗುಂಪಿಗೆ ಬೇರೆ ಬೇರೆ ಹೊತ್ತು ಬಂದಿರುತ್ತದೆ. "ನಿಮ್ದು ತಪ್ಪು" ಅಂತ ಜಗಳ ಶುರುವಾಗುತ್ತದೆ. ನಿಮ್ಮ ನಿಜವಾದ ಪಾಠ ಶುರುವಾಗುವುದೂ ಅಲ್ಲಿಂದಲೇ. ಯಾರದ್ದು ಸರಿ ಅಂತ ನೀವು ತೀರ್ಪು ಕೊಡಲು ಹೋಗಬೇಡಿ. ಎಲ್ಲಿ ಪೈಪ್ ಹುಗಿದಿರಿ? ಗಿಡದ ಬುಡದಲ್ಲಾ, ಜನ ಓಡಾಡುವ ದಾರಿಯಲ್ಲಾ? ಪೈಪಿನ ಪಕ್ಕದಿಂದ ನೀರು ಸೋರಿತಾ? ಒಬ್ಬರು ದರಗು ಸರಿಸಿ ಅಳೆದರಾ, ಇನ್ನೊಬ್ಬರು ಹಾಗೇ ಬಿಟ್ಟರಾ? ಇಷ್ಟು ಕೇಳಿ ಸಾಕು. "ಹಾಗಾದ್ರೆ ಇನ್ನೊಂದ್ಸಲ ಮಾಡೋಣ ಮಿಸ್" ಅಂತ ಅವರೇ ಹೇಳುತ್ತಾರೆ. ಒಂದು ಜಾಗಕ್ಕೆ ಮೂರು ಕಡೆ ಅಳೆದು ಸರಾಸರಿ ತೆಗೆಯಬೇಕು ಅನ್ನುವುದನ್ನು ನೋಟ್ಸ್‌ನಲ್ಲಿ ಬರೆಸಿದರೆ ನಾಳೆಗೆ ಮರೆಯುತ್ತಾರೆ. ಜಗಳವಾಡಿ ಕಂಡುಕೊಂಡರೆ ಮರೆಯುವುದಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದದ್ದು ನಿಮ್ಮ ಮಕ್ಕಳ ಮನೆಗಳಲ್ಲಿ ಇನ್ನೂ ಮಾತಿನಲ್ಲಿರುತ್ತದೆ. "ನೀರು ಇಂಗಿದರೆ ಒಳ್ಳೆಯದು ಅಂದ್ರಲ್ಲ, ಮತ್ತೆ ಗುಡ್ಡ ಯಾಕೆ ಜರೀತು?" ಅಂತ ಕೇಳಿದರೆ ಖುಷಿಪಡಿ. ಕಡಿದಾದ ಇಳಿಜಾರಿನಲ್ಲಿ, ಅದರಲ್ಲೂ ಬುಡ ಕಡಿದ ಜಾಗದಲ್ಲಿ, ದಿನಗಟ್ಟಲೆ ಇಂಗಿದ ನೀರು ಮಣ್ಣಿನ ತೂಕ ಹೆಚ್ಚಿಸುತ್ತದೆ, ಹಿಡಿತ ಸಡಿಲಿಸುತ್ತದೆ. ಸಮತಟ್ಟಾದ ಜಾಗಕ್ಕೆ ಒಳ್ಳೆಯದಾದದ್ದು ಎಲ್ಲ ಕಡೆಗೂ ಒಳ್ಳೆಯದೇ ಆಗಬೇಕೆಂದಿಲ್ಲ. ಪರಿಸರದ ವಿಷಯದಲ್ಲಿ ಮಕ್ಕಳು ಇಂಥ ತೊಡಕುಗಳನ್ನು ನೋಡಬೇಕು. ಒಳ್ಳೆಯದು ಕೆಟ್ಟದ್ದು ಅಂತ ಎರಡು ಪಟ್ಟಿ ಮಾಡಿಸುವ ಪಾಠದಿಂದ ಅದು ಸಿಗುವುದಿಲ್ಲ.

ಇದರ ಜೊತೆಗೇ ಮಳೆ ಅಳೆಯುವುದನ್ನೂ ಶುರು ಮಾಡಿಸಿ. ನೇರ ಗೋಡೆಯ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗು ಇದ್ದರೆ ಸಣ್ಣ ಕಲ್ಲು ತುಂಬಿ, ಕಲ್ಲು ಮುಳುಗುವವರೆಗೆ ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು ಮಾಡಿ. ಮರದ ಕೆಳಗೆ, ಸೂರಿನ ಪಕ್ಕ ಇಡಬೇಡಿ. ಹವಾಮಾನ ಇಲಾಖೆ ಬೆಳಗ್ಗೆ 8.30ಕ್ಕೆ ಮಳೆ ಅಳೆಯುತ್ತದೆ, ನೀವೂ ಅದೇ ಹೊತ್ತಿಗೆ ಅಳೆಯಿರಿ. ನಿಮ್ಮ ಅಳತೆಯನ್ನು ಬೇರೆಯವರದಕ್ಕೆ ಹೋಲಿಸಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಮಾಪಕಗಳನ್ನು ಇಟ್ಟಿದೆ. ನಿಮ್ಮ ಬಾಟಲಿಯ ಲೆಕ್ಕಕ್ಕೂ ಅದರ ಲೆಕ್ಕಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆ, ಯಾಕೆ ಬರುತ್ತದೆ ಅನ್ನುವುದೇ ಒಂದು ಪೀರಿಯಡ್‌ಗೆ ಆಗುವಷ್ಟು ಚರ್ಚೆ.

ಅದಕ್ಕಿಂತ ದೊಡ್ಡ ಖಜಾನೆ ನಿಮ್ಮ ಪಕ್ಕದ ತೋಟಗಳಲ್ಲೇ ಇದೆ. ಹಳೆಯ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆ ಪುಸ್ತಕ ಇರುತ್ತದೆ. ರೈಟರ್, ಅಂದರೆ ತೋಟದ ಲೆಕ್ಕ ನೋಡುವವರು, ದಿನಾ ಬೆಳಗ್ಗೆ ಬರೆದದ್ದು. ತೋಟದ ಮಾಲೀಕರನ್ನು ಹೋಗಿ ಕೇಳಿ. ಶಾಲೆಯ ಮಕ್ಕಳಿಗೆ ಅಂದರೆ ಇಲ್ಲ ಅನ್ನುವವರು ಕಡಿಮೆ. ಪುಟಗಳ ಫೋಟೊ ತೆಗೆದುಕೊಂಡು ಬನ್ನಿ. ಒಂದೊಂದು ಗುಂಪಿಗೆ ಒಂದೊಂದು ಹತ್ತು ವರ್ಷ ಹಂಚಿ. "ಈಗ ಮೊದಲಿನಷ್ಟು ಮಳೆ ಇಲ್ಲ" ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ನಿಜವಾ? ಮಳೆಯ ಮೊತ್ತ ಕಡಿಮೆಯಾಗಿದೆಯಾ, ಮಳೆ ಬೀಳುವ ದಿನಗಳು ಕಡಿಮೆಯಾಗಿವೆಯಾ? ಎರಡೂ ಒಂದೇ ಅಲ್ಲ. ಹವಾಮಾನ ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದು ಮಳೆ ದಿನ. ನಿಮ್ಮ ಕಡೆಯ ಲೆಕ್ಕದಲ್ಲಿ ಹತ್ತು ಸೆಂಟ್ಸ್. ಮಕ್ಕಳು ಜೂನ್, ಜುಲೈಯ ಮಳೆ ದಿನ ಎಣಿಸಲಿ. ಕಾಫಿ ಹೂ ಅರಳಿಸುವ ಮಾರ್ಚ್, ಏಪ್ರಿಲ್‌ನ ಹೂ ಮಳೆ ಯಾವ ವರ್ಷ ಯಾವ ವಾರ ಬಂತು ಅಂತ ಗುರುತಿಸಲಿ. ಆ ಒಂದು ಮಳೆ ತಪ್ಪಿದರೆ ಮನೆಯಲ್ಲಿ ಏನಾಗುತ್ತದೆ ಅಂತ ಕಾಫಿ ಬೆಳೆಗಾರರ ಮಕ್ಕಳಿಗೆ ನೀವು ಹೇಳಿಕೊಡಬೇಕಿಲ್ಲ. ಏನು ಉತ್ತರ ಬರುತ್ತದೆ ಅಂತ ನಾನು ಮೊದಲೇ ಹೇಳುವುದಿಲ್ಲ. ನಿಮ್ಮ ತೋಟದ ಪುಸ್ತಕ ಏನು ಹೇಳುತ್ತದೋ ಅದೇ ಉತ್ತರ.

ಎರಡನೆಯ ದೊಡ್ಡ ಕೆಲಸಕ್ಕೆ ಡಿಸೆಂಬರ್ ಒಳ್ಳೆಯದು. ಅರೇಬಿಕಾ ಕಾಫಿ ಹಣ್ಣಾಗಿ ಪಲ್ಪಿಂಗ್, ಅಂದರೆ ಪಲ್ಪರ್ ಯಂತ್ರದಲ್ಲಿ ನೀರು ಹಾಕಿ ಸಿಪ್ಪೆ ಬಿಡಿಸುವ ಕೆಲಸ, ನಡೆಯುವ ಕಾಲ. ಪಲ್ಪರ್ ನೀರು ಹಳ್ಳಕ್ಕೆ ಸೇರಿದರೆ ನೀರು ಕಪ್ಪಾಗಿ ವಾಸನೆ ಬರುವುದು ಮಕ್ಕಳಿಗೆ ಗೊತ್ತಿರುವ ವಿಷಯವೇ. ಯಾಕೆ ಹಾಗಾಗುತ್ತದೆ ಅಂತ ಕ್ಲಾಸಿನಲ್ಲೇ ತೋರಿಸಬಹುದು. ಆದರೆ ಮೇಡಂ, ಒಂದು ಮಾತು. ಯಾರದೋ ತೋಟದ ಕೆಳಗಿನ ಹಳ್ಳದಿಂದ ನೀರು ತಂದು "ನೋಡಿ, ಎಷ್ಟು ಗಲೀಜು" ಅಂತ ತೋರಿಸಬೇಡಿ. ಆ ತೋಟದ ಯಜಮಾನರ ಮಗಳೂ ಅಲ್ಲಿ ಕೆಲಸ ಮಾಡುವವರ ಮಗನೂ ನಿಮ್ಮ ಕ್ಲಾಸಿನಲ್ಲೇ ಕೂತಿರಬಹುದು. ಮಕ್ಕಳನ್ನು ಯಾರ ಮೇಲೂ ಬೊಟ್ಟು ಮಾಡಲು ಬಳಸಬಾರದು. ಪಲ್ಪರ್ ನೀರನ್ನು ಕ್ಲಾಸಿನಲ್ಲೇ ತಯಾರಿಸಿ.

ಪ್ರತಿ ಗುಂಪೂ ಮನೆಯಲ್ಲಿ ಕೇಳಿ ಒಂದೊಂದು ಹಿಡಿ ಕಾಫಿ ಹಣ್ಣು ತರಲಿ. ಕೈಯಲ್ಲಿ ಹಿಚುಕಿ ಬೀಜ ತೆಗೆದು, ಸಿಪ್ಪೆ ಮತ್ತು ಲೋಳೆಯನ್ನು ಒಂದು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಲಿ. ಒಂದೇ ಅಳತೆಯ ನಾಲ್ಕು ಸಣ್ಣ ಬಾಟಲಿ ತೆಗೆದುಕೊಳ್ಳಿ. ಎಲ್ಲಕ್ಕೂ ಬಾವಿ ನೀರು. ನಲ್ಲಿಯ ಕ್ಲೋರಿನ್ ನೀರು ಬೇಡ, ಸೂಕ್ಷ್ಮಜೀವಿಗಳು ಸತ್ತರೆ ಪ್ರಯೋಗವೇ ನಡೆಯುವುದಿಲ್ಲ. ಪ್ರತಿಯೊಂದಕ್ಕೂ ಒಂದೊಂದು ಚಮಚ ಹಳ್ಳದ ನೀರು ಹಾಕಿ, ಜೀವಿಗಳು ಅದರಿಂದ ಬರುತ್ತವೆ. ಮೊದಲನೆಯದಕ್ಕೆ ಸಿಪ್ಪೆ ನೀರು ಬೇಡ. ಎರಡನೆಯದಕ್ಕೆ ಅರ್ಧ ಚಮಚ, ಮೂರನೆಯದಕ್ಕೆ ಎರಡು ಚಮಚ, ನಾಲ್ಕನೆಯದಕ್ಕೆ ಐದು ಚಮಚ. ಈಗ ಎಲ್ಲದಕ್ಕೂ ಅಷ್ಟಷ್ಟೇ ಹನಿ ಮೀಥಿಲೀನ್ ಬ್ಲೂ ಎಂಬ ನೀಲಿ ಬಣ್ಣ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಮಾರುತ್ತಾರೆ. ಇದನ್ನು ನೀವೇ ಹಾಕಿ, ಕೈಗೆ ಬಟ್ಟೆಗೆ ಹತ್ತಿದರೆ ಬೇಗ ಹೋಗುವುದಿಲ್ಲ. ಬಾಟಲಿಯನ್ನು ಅಂಚಿನವರೆಗೆ ತುಂಬಿ, ಒಳಗೆ ಒಂದು ಗುಳ್ಳೆ ಗಾಳಿಯೂ ಇಲ್ಲದಂತೆ ಮುಚ್ಚಳ ಬಿಗಿದು, ಬೆಚ್ಚಗಿನ ಕತ್ತಲೆ ಕಪಾಟಿನಲ್ಲಿಡಿ.

ಬೆಳಗ್ಗೆ ಒಮ್ಮೆ, ಶಾಲೆ ಬಿಡುವಾಗ ಒಮ್ಮೆ ನೋಡಿ ಬರೆಯುವುದಷ್ಟೇ ಕೆಲಸ. ಸಿಪ್ಪೆ ನೀರು ಜಾಸ್ತಿ ಇರುವ ಬಾಟಲಿಯ ನೀಲಿ ಮೊದಲು ಹೋಗುತ್ತದೆ. ಸಿಪ್ಪೆಯ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಕೊಳ್ಳುತ್ತವೆ. ಆಮ್ಲಜನಕ ಮುಗಿದಾಗ ನೀಲಿ ಬಣ್ಣ ಹೋಗುತ್ತದೆ. ಬರೀ ಬಾವಿ ನೀರಿನ ಬಾಟಲಿ ಉಳಿದವೆಲ್ಲ ಬಣ್ಣ ಬಿಟ್ಟ ಮೇಲೂ ನೀಲಿಯಾಗೇ ಇರಬೇಕು. ಈಗ ಬಣ್ಣ ಹೋದ ಒಂದು ಬಾಟಲಿಯಿಂದ ಸ್ವಲ್ಪ ನೀರು ಚೆಲ್ಲಿ, ಮುಚ್ಚಿ, ಚೆನ್ನಾಗಿ ಕುಲುಕಿ. ಗಾಳಿ ಸೇರಿ ನೀಲಿ ವಾಪಸ್ ಬರುತ್ತದೆ. ಕ್ಲಾಸಿನಲ್ಲಿ ಆಗ ಬರುವ ಗಲಾಟೆಯನ್ನು ಒಂದೆರಡು ನಿಮಿಷ ಹಾಗೇ ಬಿಡಿ.

ಆಮೇಲೆ ಕೇಳಿ: ಈ ಬಾಟಲಿಯಲ್ಲಿ ಮೀನು ಇದ್ದಿದ್ದರೆ? ಕುಲುಕಿದಾಗ ಆದದ್ದು ಹಳ್ಳದಲ್ಲಿ ಎಲ್ಲಿ ಆಗುತ್ತದೆ, ಕಲ್ಲಿನ ಮೇಲೆ ನೊರೆ ಎದ್ದು ಹರಿಯುವಲ್ಲಾ, ನಿಂತ ಗುಂಡಿಯಲ್ಲಾ? ಪಲ್ಪರ್ ನೀರನ್ನು ತೋಟದಲ್ಲೇ ಹೊಂಡದಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಸಂಸ್ಕರಿಸುವುದು ಯಾಕೆ? ಹಾಗೆ ಮಾಡುವ ಬೆಳೆಗಾರರೊಬ್ಬರನ್ನು ಕ್ಲಾಸಿಗೆ ಕರೆಸಿ, ಖರ್ಚು ಎಷ್ಟು, ತೊಂದರೆ ಏನು ಅಂತ ಮಕ್ಕಳೇ ಕೇಳಲಿ. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ನಿಮ್ಮ ತಾಲ್ಲೂಕಿನದ್ದೇ ಹೊಳೆ. ಸಕಲೇಶಪುರದ ಮೇಲೆ ಹರಿದು ಗೊರೂರು ಅಣೆಕಟ್ಟಿಗೆ ಹೋಗುತ್ತದೆ. ಇಲ್ಲಿ ಹಳ್ಳಕ್ಕೆ ಬಿಟ್ಟದ್ದು ಕೆಳಗಿನವರ ನೀರು ಅನ್ನುವುದನ್ನು ಒಂದು ನಕ್ಷೆ ಹರಡಿ ತೋರಿಸಿದರೆ ಸಾಕು.

ಇವೆರಡೂ ಹಿಡಿದಮೇಲೆ ಆಸಕ್ತಿ ಇರುವ ಮಕ್ಕಳಿಗೆ ಕೊಡಲು ಇನ್ನೂ ಕೆಲವು ಇವೆ. ಸೊಳ್ಳೆ ಪರದೆಯ ಬಟ್ಟೆಯಿಂದ ಸಣ್ಣ ಚೀಲ ಹೊಲಿದು, ಒಂದರಲ್ಲಿ ಒಣಗಿದ ಸಿಲ್ವರ್ ಓಕ್ ಎಲೆ, ಇನ್ನೊಂದರಲ್ಲಿ ಹಲಸಿನ ಎಲೆ, ಎರಡೂ ಒಂದೇ ತೂಕ. ಜೂನ್‌ನಲ್ಲಿ ದರಗಿನ ಕೆಳಗಿಟ್ಟು ತಿಂಗಳಿಗೊಮ್ಮೆ ಒಂದೊಂದು ಚೀಲ ತೆಗೆದು, ಒಣಗಿಸಿ ತೂಗುವುದು. ಆಸ್ಟ್ರೇಲಿಯಾದಿಂದ ಬಂದ ಮರದ ಎಲೆ ಬೇಗ ಕರಗುತ್ತದಾ, ನಮ್ಮ ಹಲಸಿನದ್ದಾ? ಮರದ ಕಾಂಡದ ಮೇಲಿನ ಕಲ್ಲುಹೂವು ಬಸ್ ಸ್ಟ್ಯಾಂಡ್ ಹತ್ತಿರ ಎಷ್ಟಿದೆ, ಊರ ಹೊರಗೆ ಎಷ್ಟಿದೆ ಅಂತ ಎಣಿಸಬಹುದು. ಆದರೆ ಒಂದೇ ಜಾತಿಯ ಮರ ಆರಿಸಿಕೊಳ್ಳಬೇಕು, ತೊಗಟೆ ಬದಲಾದರೆ ಲೆಕ್ಕ ಕೆಡುತ್ತದೆ. ಮರಗಳ ಚಿಗುರು, ಹೂವು, ಕಾಯಿಯನ್ನು ವಾರಕ್ಕೊಮ್ಮೆ ನೋಡಿ ಬರೆಯುವ ಸೀಸನ್‌ವಾಚ್ ಎಂಬ ಯೋಜನೆಗೆ ದೇಶದ ಅನೇಕ ಶಾಲೆಗಳು ಸೇರಿವೆ, ನೀವೂ ಸೇರಬಹುದು.

ಹಳ್ಳದ ಕಲ್ಲು ಎತ್ತಿ ಹುಳು ನೋಡುವುದೂ ಚೆಂದದ ಕೆಲಸ. ಬಾಲದಲ್ಲಿ ಮೂರು ಕೂದಲಿನಂಥ ಎಳೆ ಇರುವ ಮೇಫ್ಲೈ ಮರಿ ತುಂಬಾ ಇದ್ದರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ ಅಂತ ಅರ್ಥ. ಕೆಸರಿನಲ್ಲಿ ಬರೀ ಕೆಂಪು ಹುಳುಗಳೇ ಇದ್ದರೆ ಅನುಮಾನ ಪಡಬೇಕು. ಇದಕ್ಕೆ ಫೆಬ್ರವರಿಯ ಆಳವಿಲ್ಲದ ನೀರೇ ಬೇಕು, ಕಾಡಿನ ಅಂಚಿನ ಹಳ್ಳ ಮಾತ್ರ ಬೇಡ. ಮಳೆಗಾಲದಲ್ಲಿ ಮಕ್ಕಳನ್ನು ಹಳ್ಳಕ್ಕೆ ಇಳಿಸಲೇಬೇಡಿ.

ಸುರಕ್ಷತೆಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಇಂಬಳಕ್ಕೆ ಮಲೆನಾಡಿನ ಮಕ್ಕಳು ಹೆದರುವುದಿಲ್ಲ, ಉಪ್ಪು ಇಟ್ಟುಕೊಂಡರೆ ಸಾಕು. ಆದರೆ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಉಣುಗು ಕಚ್ಚಿ ಹರಡುವ ಈ ಜ್ವರ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಆ ತಿಂಗಳುಗಳಲ್ಲಿ ಕಾಡಿನ ಅಂಚಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಎಲ್ಲಾದರೂ ಮಂಗ ಸತ್ತ ಸುದ್ದಿ ಇದ್ದರೆ ಆರೋಗ್ಯ ಇಲಾಖೆಯವರನ್ನು ಕೇಳದೆ ಆ ಕಡೆ ಕಾಲಿಡಬೇಡಿ. ಆನೆ ಓಡಾಡುವ ಕಡೆ ತೋಟಕ್ಕೆ ಹೋಗುವ ಮೊದಲು ಬೆಳಗ್ಗೆಯೇ ರೈಟರ್‌ಗೆ ಫೋನ್ ಮಾಡಿ ಕೇಳಿಕೊಳ್ಳಿ. ಶಾಲೆಯ ಕಾಂಪೌಂಡಿನೊಳಗೇ ಆಗುವ ಕೆಲಸಕ್ಕೆ ಮೊದಲ ಜಾಗ ಕೊಡಿ ಅಂತ ನಾನು ಹೇಳುವುದು ಇದಕ್ಕೇ.

ಪೋರ್ಷನ್ ಬಗ್ಗೆ ಕೇಳಿದಿರಿ. ವಾರಕ್ಕೆ ಒಂದೇ ಪೀರಿಯಡ್ ಇದಕ್ಕೆ ತೆಗೆದಿಡಿ. ಮಳೆ ಅಳೆಯುವುದು, ಬಾಟಲಿ ನೋಡುವುದು ಪೀರಿಯಡ್ ಕೇಳುವುದಿಲ್ಲ, ಪ್ರಾರ್ಥನೆಯ ಮೊದಲು ಐದು ನಿಮಿಷದಲ್ಲಿ ಆಗುತ್ತದೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಹೇಗೂ ಪ್ರಾಜೆಕ್ಟ್ ಮಾಡಿಸಲೇಬೇಕು. ಅಂಗಡಿಯಿಂದ ಥರ್ಮೊಕೋಲ್ ತಂದು ಮಾಡೆಲ್ ಮಾಡಿಸುವ ಬದಲು ಇದನ್ನೇ ಪ್ರಾಜೆಕ್ಟ್ ಮಾಡಿ. 10ನೇ ತರಗತಿಯಲ್ಲಿ "ನಮ್ಮ ಪರಿಸರ" ಪಾಠ ಬಂದಾಗ ಈ ಮಕ್ಕಳಿಗೆ ಅದು ಹೊಸದಾಗಿರುವುದಿಲ್ಲ. ಇದೆಲ್ಲ ಎಕ್ಸ್‌ಟ್ರಾ ಅಂತ ಯಾರಾದರೂ ಹೇಳಿದರೆ, ಪರಿಸರ ಶಿಕ್ಷಣ ಕಡ್ಡಾಯವಾಗಿರಬೇಕು ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಂತ ನೆನಪಿಸಿ. ಚೆನ್ನಾಗಿ ಬಂದ ಕೆಲಸವನ್ನು ಮಕ್ಕಳ ವಿಜ್ಞಾನ ಸಮಾವೇಶಕ್ಕೂ ಕಳಿಸಬಹುದು. ಆದರೆ ಬಹುಮಾನಕ್ಕಾಗಿಯೇ ಶುರು ಮಾಡಬೇಡಿ. ಆಗ ಇಬ್ಬರು ಜಾಣ ಮಕ್ಕಳು ಮಾಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ.

ಹಾಗೆ ಹಿಂದೆ ಉಳಿದುಬಿಡುವ ಮಕ್ಕಳ ಬಗ್ಗೆ ನನಗೆ ತುಂಬಾ ಕಾಳಜಿ ಇದೆ. ನಿಮ್ಮ ಕ್ಲಾಸಿನಲ್ಲಿ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆಯ) ಮಕ್ಕಳು ಇರುತ್ತಾರೆ. ತಮಿಳು, ತುಳು ಮಾತಾಡುವವರು, ಈಗ ಅಸ್ಸಾಂ ಕಡೆಯಿಂದ ಬಂದ ಕೆಲಸಗಾರರ ಮಕ್ಕಳೂ ಇರಬಹುದು. ನೋಟ್ಸ್ ಬರೆಯುವ ಕ್ಲಾಸಿನಲ್ಲಿ ಅವರು ಹಿಂದಿನ ಬೆಂಚು. ಆದರೆ ಯಾವ ಮರದ ದರಗು ಬೇಗ ಕೊಳೆಯುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಎರೆಹುಳು ಜಾಸ್ತಿ ಅಂತ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಗುಂಪು ಮಾಡುವಾಗ ಇದನ್ನು ನೆನಪಿಡಿ. ಜಾಗ ಆರಿಸುವ ಕೆಲಸ ಅವರಿಗೆ ಕೊಡಿ. ವರದಿಯಲ್ಲಿ "ಉದ್ದೇಶ, ಸಾಮಗ್ರಿ, ವಿಧಾನ" ಆಮೇಲೆ ಬರಲಿ. ಮೊದಲು ಮೂರೇ ಸಾಲು: ಏನಾಗಬಹುದು ಅಂದುಕೊಂಡಿದ್ದೆವು, ಏನಾಯಿತು, ಯಾಕೆ ಇರಬಹುದು. ಬರೆಯಲು ಕಷ್ಟವಾದರೆ ಬಾಯಲ್ಲಿ ಹೇಳಲಿ, ಜೊತೆಯವರು ಬರೆದುಕೊಳ್ಳಲಿ.

ಸಿಕ್ಕ ಅಂಕಿಗಳನ್ನು ಪ್ರಾಜೆಕ್ಟ್ ಫೈಲಿನಲ್ಲಿ ಮುಚ್ಚಿಡಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮೈದಾನದಲ್ಲಿ ಎಷ್ಟು ನೀರು ಇಂಗದೆ ಹರಿದುಹೋಗುತ್ತದೆ, ಶಾಲೆಯ ಚಾವಣಿಯಿಂದ ಎಷ್ಟು ಲೀಟರ್ ಹಿಡಿಯಬಹುದು ಅಂತ ಮಕ್ಕಳು ಅಲ್ಲಿ ಲೆಕ್ಕ ಸಮೇತ ಹೇಳಲಿ. ಚಾವಣಿಯ ಲೆಕ್ಕ ಸುಲಭ: ಒಂದು ಚದರ ಮೀಟರ್‌ಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಉದ್ದ 20 ಮೀಟರ್, ಅಗಲ 8 ಮೀಟರ್ ಇರುವ ಕಟ್ಟಡದ ಮೇಲೆ ಒಂದು ಇಂಚು ಮಳೆಗೆ ನಾಲ್ಕು ಸಾವಿರ ಲೀಟರ್‌ಗೂ ಮೇಲೆ ಬೀಳುತ್ತದೆ. ಅದೇ ಸಭೆಯಲ್ಲಿ ಪಿಡಿಒ ಅವರ ಬಳಿ ಜಲ ಜೀವನ್ ಮಿಷನ್‌ನಲ್ಲಿ ಬಂದ ನೀರು ಪರೀಕ್ಷೆಯ ಕಿಟ್ ಕೇಳಿ. ಪಂಚಾಯಿತಿಗಳಿಗೆ ಅದನ್ನು ಕೊಟ್ಟಿದ್ದಾರೆ, ಬಳಸಲು ತರಬೇತಿ ಪಡೆದ ಮಹಿಳೆಯರೂ ಊರಲ್ಲಿ ಇರುತ್ತಾರೆ. ಅವರಲ್ಲಿ ಒಬ್ಬರು ಒಂದು ದಿನ ನಿಮ್ಮ ಕ್ಲಾಸಿಗೆ ಬಂದರೆ, ಮುಂದಿನ ವರ್ಷದ ಪ್ರಶ್ನೆಯನ್ನು ಮಕ್ಕಳು ಶಾಲೆಯ ಬಾವಿಯ ನೀರಿನಿಂದಲೇ ಶುರು ಮಾಡಬಹುದು.